ಗುಮಾಸ್ತರ ರಾಜಧಾನಿ

ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ ಹೋಗುತ್ತದೆಂದು ಐದನೇ ಜಾರ್ಜ್ ಸಾರಿದ್ದು 1911ರ ಡಿಸೆಂಬರ್ 12ರಂದು. ನಮ್ಮ ಪಠ್ಯಗಳು ಅಲ್ಲಿಂದ ನೇರವಾಗಿ ಲುಟ್ಯೆನ್ಸನ ಕಟ್ಟಡಗಳಿಗೆ ಜಿಗಿಯುತ್ತವೆ. ನನ್ನನ್ನು ಕಾಡುವುದು ಬಂಗಾಳಿ ಗುಮಾಸ್ತರ ಮನೆಗಳು. ಕಡತ ಹೊರಟರೆ ಗುಮಾಸ್ತ ಹೊರಡಲೇಬೇಕು. ಹೆಂಡತಿ ಮಕ್ಕಳು, ವಯಸ್ಸಾದ ತಾಯಿ?

ಸರ್ಕಾರ 1864ರಿಂದಲೂ ಬೇಸಿಗೆಗೆ ಸಿಮ್ಲಾ ಹತ್ತುತ್ತಿತ್ತು, ನಿಜ. ಆದರೆ ಚಳಿಗಾಲಕ್ಕೆ ಮರಳಲು ಕಲ್ಕತ್ತೆಯ ಮನೆಯಿತ್ತು. 1912ರ ನಂತರ ಚಳಿಗಾಲವೂ ಪರಸ್ಥಳದಲ್ಲೇ. ಸಂಸಾರ ಕರೆದೊಯ್ದರೆ ವರ್ಷಕ್ಕೆರಡು ಸಲ ಗಂಟುಮೂಟೆ, ನಡುವೆ ಮಕ್ಕಳ ಓದು. ಬಿಟ್ಟುಹೋದರೆ ಒಂದೇ ಸಂಬಳದಲ್ಲಿ ಎರಡು ಒಲೆ ಉರಿಯಬೇಕು.

ದಿಲ್ಲಿಯ ಕಾಶ್ಮೀರಿ ಗೇಟಿನ ಬಂಗಾಳಿಗಳು 1910ರಲ್ಲೇ ದುರ್ಗಾಪೂಜೆ ಶುರುಮಾಡಿದ್ದರು. ನಮ್ಮವರಿದ್ದಾರೆ ಎನ್ನುವಷ್ಟು ಧೈರ್ಯಕ್ಕೆ ಅದು ಸಾಕಿತ್ತೇನೋ. ತಿಮಾರ್‌ಪುರದ ಕ್ವಾರ್ಟರ್ಸುಗಳಲ್ಲಿ ಸಂಸಾರಗಳು ನೆಲೆಗೊಂಡವು. ರೈಸಿನಾದ ಬಂಗಾಳಿ ಶಾಲೆ ಆರಂಭವಾದದ್ದು 1925ರಲ್ಲಿ.