ಪೆನ್ಸಿಲ್ ಗೆರೆಯ ದಪ್ಪ

1948ರ ನವೆಂಬರ್ 30ರಂದು ಜೆರುಸಲೇಮಿನ ಮುಸ್ರಾರಾ ಬಡಾವಣೆಯ ಖಾಲಿ ಮನೆಯೊಂದರಲ್ಲಿ ಇಬ್ಬರು ಸೇನಾಧಿಕಾರಿಗಳು ಕದನವಿರಾಮದ ಗೆರೆ ಹಾಕಲು ನಕ್ಷೆ ಹರಡಿಕೊಂಡು ಕೂತರು. ಇಸ್ರೇಲಿನ ಮೋಶೆ ದಯಾನ್ ತಮ್ಮ ಪಡೆ ನಿಂತ ಜಾಗವನ್ನು ಹಸಿರು ಮೇಣದ ಪೆನ್ಸಿಲ್ಲಿನಿಂದ ಗುರುತಿಸಿದರು, ಜೋರ್ಡಾನಿನ ಅಬ್ದುಲ್ಲಾ ಅಲ್‌-ತಲ್ ಕೆಂಪಿನಿಂದ. ನಕ್ಷೆಯ ಅಳತೆ 1:20,000. ಗೆರೆಯ ದಪ್ಪ ಮೂರ್ನಾಲ್ಕು ಮಿಲಿಮೀಟರ್. ನೆಲದ ಮೇಲೆ ಅದು 60ರಿಂದ 80 ಮೀಟರ್ ಅಗಲವಾಯಿತು. ಮನೆಗಳೂ ಓಣಿಗಳೂ ಆ ಅಗಲದೊಳಗೇ ಸಿಕ್ಕಿಕೊಂಡವು.

ಗೋಡೆ, ಬೇಲಿ, ಗಡಿಗಳಿಂದ ಎರಡಾದ ಊರುಗಳ ಬಗ್ಗೆ ನಕ್ಷೆಯನ್ನೇ ಮಾಧ್ಯಮ ಮಾಡಿಕೊಂಡ ಕಲೆ ಕಳೆದ ಮೂರು ದಶಕಗಳಲ್ಲಿ ಬಹಳ ಬೆಳೆದಿದೆ. ಸಾಬೂನಿನಿಂದ ಶುರುವಾಗಿ ಉಪಗ್ರಹ ಚಿತ್ರ, ಮೊಬೈಲ್ ಫೋನ್‌ವರೆಗೆ ಬಂದಿದೆ. ಈ ಎಲ್ಲ ಕೃತಿಗಳನ್ನು ಅಳೆಯಲು ನನಗೆ ಒಂದೇ ಪ್ರಶ್ನೆ ಸಾಕು: ಆ ಗೆರೆಯ ದಪ್ಪದಲ್ಲಿ ಬದುಕುವವರು ಈ ನಕ್ಷೆಯಲ್ಲಿ ಕಾಣುತ್ತಾರೆಯೇ?

1996ರಲ್ಲಿ ಕಲಾವಿದೆ ಮೋನಾ ಹತೂಮ್ ಜೆರುಸಲೇಮಿನ ಅನಾದಿಯೆಲ್ ಗ್ಯಾಲರಿಯ ನೆಲದ ಮೇಲೆ ನಾಬ್ಲುಸ್‌ನ ಆಲಿವ್ ಎಣ್ಣೆಯ ಸಾಬೂನಿನ ಬಿಲ್ಲೆಗಳನ್ನು ಜೋಡಿಸಿದರು. ಎರಡು ಸಾವಿರಕ್ಕೂ ಹೆಚ್ಚು. ಓಸ್ಲೋ ಒಪ್ಪಂದದಂತೆ ಪ್ಯಾಲೆಸ್ತೀನಿಯರಿಗೆ ಮರಳಿ ಸಿಗಬೇಕಿದ್ದ ತುಂಡು ತುಂಡು ಪ್ರದೇಶಗಳ ಅಂಚನ್ನು ಅವುಗಳ ಮೇಲೆ ಕೆಂಪು ಗಾಜಿನ ಮಣಿಗಳಿಂದ ಒತ್ತಿ ಮೂಡಿಸಿದರು. ನೋಡಲು ಬಂದವರು ಇದು ಕರಗಿಹೋಗಲಿ ಎಂದೇ ಸಾಬೂನು ಆರಿಸಿದಿರಾ ಎಂದು ಕೇಳಿದ್ದುಂಟು. ಇದರಲ್ಲಿ ಡಿಜಿಟಲ್ ಎಂಬುದು ಏನೂ ಇಲ್ಲ. ಆದರೂ ಮುಂದಿನ ಡಿಜಿಟಲ್ ಕೃತಿಗಳ ಹಿರಿಯಕ್ಕ ಇದೇ ಎಂದು ನಾನು ಭಾವಿಸುತ್ತೇನೆ. ಸರ್ಕಾರದ ನಕ್ಷೆಯನ್ನೇ ಎತ್ತಿಕೊಂಡು, ಅದಕ್ಕೆ ಆ ನೆಲದ ವಾಸನೆ ಹಚ್ಚಿದ ಕೃತಿ ಅದು.

2002ರಲ್ಲಿ ಇಸ್ರೇಲ್ ಪಶ್ಚಿಮ ದಂಡೆಯಲ್ಲಿ ತಡೆಗೋಡೆ ಕಟ್ಟಲು ಶುರುಮಾಡಿತು. ಯೋಜಿಸಿದ ಉದ್ದ ಸುಮಾರು 700 ಕಿಲೋಮೀಟರ್. ಬಹುಪಾಲು ತಂತಿಬೇಲಿ ಮತ್ತು ಕಂದಕ, ಊರುಗಳ ಬಳಿ ಎಂಟು ಮೀಟರ್ ಎತ್ತರದ ಕಾಂಕ್ರೀಟ್. ಅದರ ಹಾದಿಯ ಶೇ. 85ರಷ್ಟು ದಯಾನರ ಪೆನ್ಸಿಲ್ಲಿನಿಂದ ಹೆಸರು ಪಡೆದ ಕದನವಿರಾಮದ ಗಡಿಯಾದ ‘ಹಸಿರು ಗೆರೆ’ಯನ್ನು ದಾಟಿ ಪಶ್ಚಿಮ ದಂಡೆಯ ಒಳಗೇ ಸಾಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ವಾಸ್ತುಶಿಲ್ಪಿ ಎಯಾಲ್ ವೈಜ್‌ಮನ್ ಮಾನವ ಹಕ್ಕುಗಳ ಸಂಸ್ಥೆ ಬೆತ್ಸೆಲೆಮ್ ಜೊತೆ ಸೇರಿ ಯಹೂದಿ ವಸಾಹತುಗಳ ವಿವರವಾದ ನಕ್ಷೆ ತಂದರು. ರಾಫಿ ಸೆಗಲ್ ಜೊತೆ ಅವರು ಸಿದ್ಧಪಡಿಸಿದ ‘ಎ ಸಿವಿಲಿಯನ್ ಆಕ್ಯುಪೇಶನ್’ ಪ್ರದರ್ಶನವನ್ನು ಇಸ್ರೇಲಿನ ವಾಸ್ತುಶಿಲ್ಪಿಗಳ ಸಂಘವೇ ರದ್ದುಮಾಡಿತು. ಮರುವರ್ಷ ಅದು ನ್ಯೂಯಾರ್ಕಿನಲ್ಲಿ ನಡೆಯಿತು. ಈ ಕ್ಷೇತ್ರದ ಬುನಾದಿ ಬಿದ್ದದ್ದು ಅಲ್ಲಿ: ಯಾವ ಬೆಟ್ಟದ ಮೇಲೆ ಯಾವ ಮನೆ ಎಂಬುದು ಯಾರೋ ಯೋಚಿಸಿ ಹಾಕಿದ ಚುಕ್ಕೆ ಎಂಬುದನ್ನು ನಕ್ಷೆಯಿಂದಲೇ ತೋರಿಸುವ ಕೆಲಸ. 2010ರಲ್ಲಿ ಲಂಡನ್ನಿನಲ್ಲಿ ಅವರು ಕಟ್ಟಿದ ‘ಫೊರೆನ್ಸಿಕ್ ಆರ್ಕಿಟೆಕ್ಚರ್’ ಸಂಸ್ಥೆ ಅದರ ಮುಂದುವರಿಕೆ.

2003ರಲ್ಲಿ ಮಿಲಾನ್ ನಗರದ ‘ಮಲ್ಟಿಪ್ಲಿಸಿಟಿ’ ಬಳಗ ಒಂದು ಸರಳ ಪ್ರಯೋಗ ಮಾಡಿತು. ಹೆಬ್ರಾನ್ ಆಸುಪಾಸಿನಿಂದ ನಾಬ್ಲುಸ್ ಆಸುಪಾಸಿಗೆ ಎರಡು ಪ್ರಯಾಣ. ಒಂದು ಇಸ್ರೇಲಿ ಪಾಸ್‌ಪೋರ್ಟ್ ಇದ್ದವರ ಜೊತೆ, ಇನ್ನೊಂದು ಪ್ಯಾಲೆಸ್ತೀನಿ ಪಾಸ್‌ಪೋರ್ಟ್ ಇದ್ದವರ ಜೊತೆ. ಮೊದಲನೆಯದಕ್ಕೆ ಸುಮಾರು ಒಂದು ಗಂಟೆ, ಎರಡನೆಯದಕ್ಕೆ ಐದೂವರೆ. ಎರಡೂ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಕಿಲೋಮೀಟರಿನಲ್ಲಿ ಅಳೆದ ನಕ್ಷೆ ಇಂಥ ಕಡೆ ಸುಳ್ಳು ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಾನು ಕಂಡಿಲ್ಲ. 2009ರಲ್ಲಿ ಫ್ರಾನ್ಸಿನ ಜೂಲಿಯಾನ್ ಬೂಸಾಕ್ ಪಶ್ಚಿಮ ದಂಡೆಯನ್ನು ದ್ವೀಪಸಮೂಹವಾಗಿ ಬಿಡಿಸಿ, ಪ್ಯಾಲೆಸ್ತೀನಿಯರ ಹತೋಟಿಯಲ್ಲಿಲ್ಲದ ನೆಲಕ್ಕೆಲ್ಲ ಕಡಲ ನೀಲಿ ಬಳಿದರು. ಅದು ಎಲ್ಲೆಡೆ ಹರಡಿತು, ಚೆಂದವೂ ಇದೆ. ಆದರೆ ಆ ನೀಲಿಯಲ್ಲಿ ಸೈನಿಕ ಕಾಣುವುದಿಲ್ಲ, ಚೆಕ್‌ಪೋಸ್ಟಿನ ಸರದಿಯೂ ಕಾಣುವುದಿಲ್ಲ.

ಕಲಾವಿದ ಫ್ರಾನ್ಸಿಸ್ ಆಲಿಸ್ 2004ರ ಜೂನ್‌ನಲ್ಲಿ ತೂತುಮಾಡಿದ ಡಬ್ಬಿಯಿಂದ ಹಸಿರು ಬಣ್ಣ ಸುರಿಸುತ್ತ ದಯಾನರ ಗೆರೆಯ ಮೇಲೆಯೇ ಜೆರುಸಲೇಮಿನಲ್ಲಿ 24 ಕಿಲೋಮೀಟರ್ ನಡೆದರು. ಖರ್ಚಾದದ್ದು 58 ಲೀಟರ್. ಮರುತಿಂಗಳು 9ರಂದು ಪಶ್ಚಿಮ ದಂಡೆಯ ತಡೆಗೋಡೆ ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಆಲಿಸ್ ತಮ್ಮ ನಡಿಗೆಯ ಚಿತ್ರವನ್ನು ಎರಡೂ ಕಡೆಯ ಹಲವರಿಗೆ ತೋರಿಸಿ ಅವರ ಮಾತು ದಾಖಲಿಸಿಕೊಂಡರು. ಅವರಲ್ಲಿ ದಯಾನರ ಮಗಳು ಯಾಯೆಲ್ ಕೂಡ ಇದ್ದರು. ನೋಡುಗ ಯಾರ ದನಿ ಬೇಕೋ ಅದನ್ನು ಆರಿಸಿಕೊಂಡು ಅದೇ ನಡಿಗೆಯನ್ನು ನೋಡಬಹುದು. ದನಿ ಬದಲಾದಂತೆ ಬೀದಿಯೂ ಬದಲಾಗುತ್ತದೆ.

2005ರಲ್ಲಿ ಗೂಗಲ್ ಮ್ಯಾಪ್ಸ್, ಗೂಗಲ್ ಅರ್ಥ್ ಬಂದವು, ಉಪಗ್ರಹ ಚಿತ್ರ ಕಲಾವಿದರ ಕೈಗೆಟುಕಿತು. 2007ರಲ್ಲಿ ‘ಯೂ ಆರ್ ನಾಟ್ ಹಿಯರ್’ ಬಳಗ ಒಂದು ಮಗ್ಗುಲಲ್ಲಿ ಟೆಲ್ ಅವೀವ್, ಇನ್ನೊಂದು ಮಗ್ಗುಲಲ್ಲಿ ಗಾಜಾ ಇರುವ ನಕ್ಷೆ ಅಚ್ಚುಮಾಡಿತು. ಬೆಳಕಿಗೆ ಹಿಡಿದರೆ ಎರಡೂ ಊರು ಒಂದರ ಮೇಲೊಂದು ಕಾಣುತ್ತವೆ. ಟೆಲ್ ಅವೀವ್‌ನ ಬೀದಿಯಲ್ಲಿ ಅಂಟಿಸಿದ ಸ್ಟಿಕ್ಕರಿನ ನಂಬರಿಗೆ ಫೋನ್ ಮಾಡಿದರೆ, ಪತ್ರಕರ್ತೆ ಲೈಲಾ ಅಲ್‌-ಹದ್ದಾದ್ ಗಾಜಾದ ಆ ಜಾಗವನ್ನು ಪರಿಚಯಿಸುತ್ತಿದ್ದರು. ಕಾಲು ಒಂದು ಊರಿನಲ್ಲಿ, ಕಿವಿ ಇನ್ನೊಂದು ಊರಿನಲ್ಲಿ. ಎರಡರ ನಡುವೆ ಒಂದು ಗಂಟೆಯ ಹಾದಿ, ಆ ಹಾದಿ ಮುಚ್ಚಿತ್ತು.

ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಕೆಲಸ ಬೇರೆ ದಾರಿ ಹಿಡಿಯಿತು. ಕಲಾವಿದ ರಿಕಾರ್ಡೊ ಡೊಮಿಂಗೆಜ್ ಮತ್ತು ಸಂಗಾತಿಗಳು 2007ರಲ್ಲಿ ಶುರುಮಾಡಿದ ‘ಟ್ರಾನ್ಸ್‌ಬಾರ್ಡರ್ ಇಮಿಗ್ರಂಟ್ ಟೂಲ್’ ಅಗ್ಗದ ಫೋನಿನಲ್ಲಿ ಮರುಭೂಮಿಯ ನೀರಿನ ತಾಣ ತೋರಿಸುವ, ಕವಿತೆಯನ್ನೂ ಹೇಳುವ ಸಾಧನ. ಅದರ ಮೇಲೆ 2010ರಲ್ಲಿ ವಿಚಾರಣೆಗಳಾದವು. ಜೋಶ್ ಬೆಗ್ಲಿ 2016ರಲ್ಲಿ ಸುಮಾರು 2 ಲಕ್ಷ ಉಪಗ್ರಹ ಚಿತ್ರ ಪೋಣಿಸಿ ಆ ಇಡೀ ಗಡಿಯನ್ನು ಏಳು ನಿಮಿಷದೊಳಗೆ ಓಡಿಸಿದರು. ಉದ್ದದ ಅಂದಾಜು ಅದರಿಂದ ಚೆನ್ನಾಗಿ ಸಿಗುತ್ತದೆ. ಮನುಷ್ಯರು ಸಿಗುವುದಿಲ್ಲ.

ನಮ್ಮ ಉಪಖಂಡದ ಕಲಾವಿದರ ಒಲವು ಹೆಚ್ಚಾಗಿ ಕೈಕೆಲಸದ ಕಡೆ. ಜರೀನಾ ಹಶ್ಮಿ 2001ರಲ್ಲಿ ದೇಶವಿಭಜನೆಯ ರ್‍ಯಾಡ್‌ಕ್ಲಿಫ್ ಗೆರೆಯನ್ನು ಮರದಚ್ಚಿನಲ್ಲಿ ಕೊರೆದರು. ಶಿಲ್ಪಾ ಗುಪ್ತಾ ಭಾರತ–ಪಾಕಿಸ್ತಾನ ಬೇಲಿಯ ಉದ್ದವನ್ನು 1:14.9ರ ಪ್ರಮಾಣದಲ್ಲಿ ನೂಲಾಗಿ ಸುತ್ತಿ ಉಂಡೆ ಮಾಡಿದರು. ಗೂಗಲ್ ಮ್ಯಾಪ್ಸ್ ಕಾಶ್ಮೀರದ ಗಡಿಯನ್ನು ಭಾರತದಲ್ಲಿ ಕೂತು ನೋಡುವವರಿಗೆ ಒಂದು ಬಗೆ, ಹೊರಗಿನವರಿಗೆ ಇನ್ನೊಂದು ಬಗೆ ತೋರಿಸುತ್ತದೆ. ಇದನ್ನೇ ವಸ್ತು ಮಾಡಿಕೊಂಡ ದೊಡ್ಡ ಕೃತಿ ನಮ್ಮಲ್ಲಿ ಬರಬೇಕು ಎಂಬುದು ನನ್ನ ಆಸೆ.

ಉಪಗ್ರಹ ಚಿತ್ರವೂ ಎಲ್ಲರಿಗೂ ಒಂದೇ ಅಲ್ಲ. ಇಸ್ರೇಲ್ ಮತ್ತು ಆಕ್ರಮಿತ ಪ್ರದೇಶಗಳ ಸ್ಪಷ್ಟ ಚಿತ್ರಗಳನ್ನು ಮಾರದಂತೆ ತನ್ನ ಕಂಪನಿಗಳನ್ನು ಅಮೆರಿಕ ಕೈಲ್–ಬಿಂಗಮನ್ ತಿದ್ದುಪಡಿಯಿಂದ ತಡೆದಿತ್ತು. ಎರಡು ಮೀಟರಿಗಿಂತ ಸಣ್ಣದು ಕಾಣುವಂತಿರಲಿಲ್ಲ. ಈ ಮಿತಿ ಸಡಿಲವಾದದ್ದು 2020ರಲ್ಲಿ. ಈ ಮಸುಕಿನೊಳಗೆ ಸಂಶೋಧಕಿ ಹಗಿತ್ ಕೈಸರ್ ಪೂರ್ವ ಜೆರುಸಲೇಮಿನ ನಿವಾಸಿಗಳ ಜೊತೆ ಗಾಳಿಪಟಕ್ಕೂ ಬಲೂನಿಗೂ ಕ್ಯಾಮೆರಾ ಕಟ್ಟಿ ಹಾರಿಸಿದರು. ಬೇತ್ ಸಫಾಫಾ ಊರನ್ನು ಹೆದ್ದಾರಿ ಇಬ್ಭಾಗ ಮಾಡುತ್ತಿದ್ದಾಗ ಅಲ್ಲಿಯವರೇ ದಾರ ಹಿಡಿದು ತಮ್ಮ ಊರಿನ ಚಿತ್ರ ತೆಗೆದರು. ನೆಗೆವ್ ಮರುಭೂಮಿಯಲ್ಲಿ ಮತ್ತೆ ಮತ್ತೆ ನೆಲಸಮವಾದ ಅಲ್‌-ಅರಾಕೀಬ್ ಹಳ್ಳಿಯಲ್ಲೂ ಫೊರೆನ್ಸಿಕ್ ಆರ್ಕಿಟೆಕ್ಚರ್ ಇದೇ ವಿಧಾನ ಬಳಸಿತು. ಈ ಇಡೀ ಕ್ಷೇತ್ರದಲ್ಲಿ ನಾನು ಹೆಚ್ಚು ಗೌರವಿಸುವ ಕೆಲಸ ಇದು. ಮೇಲಿನ ನೋಟವೂ ಇದೆ, ಆ ನೋಟ ಯಾರ ಕೈಯಲ್ಲಿದೆ ಎಂಬುದೂ ಗೊತ್ತಿದೆ. 2018ರ ‘ಪ್ಯಾಲೆಸ್ತೀನ್ ಓಪನ್ ಮ್ಯಾಪ್ಸ್’ ಜಾಲತಾಣ ಬ್ರಿಟಿಷರ ಕಾಲದ ಹಳೆಯ ನಕ್ಷೆಗಳನ್ನು ಎಲ್ಲರಿಗೂ ತೆರೆದು, ಇಲ್ಲವಾದ ಹಳ್ಳಿಗಳನ್ನು ಇಂದಿನ ನೆಲದ ಮೇಲೆ ಹುಡುಕಲು ಅನುವುಮಾಡಿತು.

2023ರ ಅಕ್ಟೋಬರ್‌ನಿಂದೀಚೆಗೆ ಆ ಭಾಗದಲ್ಲಿ ಜಿಪಿಎಸ್ ಸಂಕೇತವನ್ನೇ ತಿರುಚಿದ್ದುಂಟು. ಜೆರುಸಲೇಮಿನಲ್ಲೋ ಹೈಫಾದಲ್ಲೋ ನಿಂತವರ ಫೋನು ಬೈರೂತ್ ಅಥವಾ ಕೈರೋ ವಿಮಾನ ನಿಲ್ದಾಣದಲ್ಲಿದ್ದೀರಿ ಎಂದದ್ದುಂಟು. ನಿಂತ ಜಾಗಕ್ಕೆ ತಕ್ಕಂತೆ ಕಥೆ ಹೇಳುವ, ಊರು ತೋರಿಸುವ ಕೃತಿಗಳು ಇಂಥ ಕಡೆ ಕೆಲಸ ಮಾಡಲಾರವು. ಉಪಗ್ರಹವನ್ನು ನೆಚ್ಚಿದ ಕಲಾವಿದರು ಮತ್ತೆ ಅಚ್ಚಿನ ನಕ್ಷೆಗೆ, ದಾರಿ ಬಲ್ಲ ಸ್ಥಳೀಯರ ದನಿಗೆ ಮರಳಬೇಕಾಗಬಹುದು. ಟೆಲ್ ಅವೀವ್ ಬೀದಿಯ ಆ ಸ್ಟಿಕ್ಕರಿಗೆ ಬೇಕಾಗಿದ್ದದ್ದು ಒಂದು ಫೋನ್ ನಂಬರ್ ಮಾತ್ರ.