ಬ್ರಹ್ಮಚಾರಿ, ಉಪೇಂದ್ರನಾಥ

1873-1946. ಭಾರತದ ವೈದ್ಯವಿಜ್ಞಾನಿ. ಕಾಲಾ ಅಜಾರ್ ರೋಗವನ್ನು ಗುಣಪಡಿಸುವ ಯೂರಿಯ ಸ್ಟಿಬಮೀನ್ ಎಂಬ ಔಷಧವನ್ನು ತಯಾರಿಸಿ ಪ್ರಸಿದ್ಧನಾದ. ಮಲೇರಿಯ, ಕಪ್ಪುಮೂತ್ರ ಜ್ವರ ಮುಂತಾದ ಉಷ್ಣವಲಯದ ರೋಗಗಳ ಬಗೆಗೂ ಸಂಶೋಧನೆ ನಡೆಸಿದ.

ಉಪೇಂದ್ರನಾಥ ಹುಟ್ಟಿದ್ದು 1873ರ ಡಿಸೆಂಬರ್ 19ರಂದು, ಬಿಹಾರದ ಜಮಾಲ್‍ಪುರದಲ್ಲಿ. ತಂದೆ ನೀಲಮಣಿ ಬ್ರಹ್ಮಚಾರಿ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ವೈದ್ಯ. ಹೂಗ್ಲಿ ಕಾಲೇಜಿನಲ್ಲಿ ಓದಿ 1893ರಲ್ಲಿ ಬಿ.ಎ. ಪದವಿ ಪಡೆದ ಈತ ಬಳಿಕ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನವಿಜ್ಞಾನದಲ್ಲಿ ಎಂ.ಎ. ಪದವಿ ಗಳಿಸಿದ. ಜೊತೆಗೆ ವೈದ್ಯವನ್ನೂ ಕಲಿತು 1902ರಲ್ಲಿ ಎಂ.ಡಿ. ಪದವಿಯನ್ನು, ಕೆಂಪು ರಕ್ತಕಣಗಳ ಒಡೆಯುವಿಕೆಯನ್ನು ಕುರಿತ ಪ್ರಬಂಧಕ್ಕೆ 1904ರಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದ. ಢಾಕಾದ ವೈದ್ಯಶಾಲೆಯಲ್ಲಿ ಕೆಲವು ವರ್ಷ ಬೋಧಿಸಿ, 1905ರಲ್ಲಿ ಕಲ್ಕತ್ತದ ಕ್ಯಾಂಪ್‍ಬೆಲ್ ವೈದ್ಯಶಾಲೆಗೆ ಬಂದ. ಮುಂದೆ ಸುಮಾರು ಹದಿನೆಂಟು ವರ್ಷ ಅಲ್ಲೇ ಇದ್ದ.

ಬಂಗಾಳ, ಬಿಹಾರ, ಅಸ್ಸಾಂಗಳಲ್ಲಿ ಆಗ ಕಾಲಾ ಅಜಾರ್ ಹಳ್ಳಿಹಳ್ಳಿಗಳನ್ನೇ ಬರಿದು ಮಾಡುತ್ತಿತ್ತು. ಬಿಡದ ಜ್ವರ, ಊದಿದ ಗುಲ್ಮ, ರಕ್ತಹೀನತೆ ಇದರ ಲಕ್ಷಣಗಳು. ಇದನ್ನು ಬಹುಕಾಲ ಮಲೇರಿಯದ ಉಗ್ರರೂಪವೆಂದೇ ಎಣಿಸಲಾಗಿತ್ತು. ಆದರೆ ಕ್ವಿನೀನ್‍ಗೆ ಈ ಜ್ವರ ಬಗ್ಗುತ್ತಿರಲಿಲ್ಲ. 1903ರಲ್ಲಿ ವಿಲಿಯಂ ಲೀಶ್ಮನ್ ಮತ್ತು ಮದರಾಸಿನಲ್ಲಿ ಚಾರ್ಲ್ಸ್ ಡಾನೊವನ್ ಬೇರೆಬೇರೆಯಾಗಿ ಇದರ ಪರೋಪಜೀವಿಯನ್ನು ವರದಿ ಮಾಡಿದರು. ಅದಕ್ಕೆ ಲೀಶ್ಮೇನಿಯ ಡಾನೊವನಿ ಎಂಬ ಹೆಸರು ಬಂತು. ಚಿಕಿತ್ಸೆ ಪಡೆಯದ ರೋಗಿಗಳಲ್ಲಿ ಬಹುತೇಕ ಎಲ್ಲರೂ ಸಾಯುತ್ತಿದ್ದರು. 1915ರಿಂದ ಬಳಕೆಗೆ ಬಂದ ಟಾರ್ಟರ್ ಎಮೆಟಿಕ್ ಎಂಬ ಆ್ಯಂಟಿಮೊನಿ ಲವಣ ಫಲ ಕೊಟ್ಟರೂ ಅದರ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ವಿಷದ ಪರಿಣಾಮಗಳೂ ತೀವ್ರವಾಗಿದ್ದವು.

ಆರ್ಸೆನಿಕ್‍ನ ಸಾವಯವ ಸಂಯುಕ್ತಗಳು ನಿದ್ರಾರೋಗ ಮತ್ತು ಸಿಫಿಲಿಸ್‍ನಲ್ಲಿ ಆಗಲೇ ಉಪಯೋಗಕ್ಕೆ ಬಂದಿದ್ದವು. ಆವರ್ತಕೋಷ್ಟಕದಲ್ಲಿ ಆರ್ಸೆನಿಕ್‍ನ ಕೆಳಗಿರುವ ಆ್ಯಂಟಿಮೊನಿಯಿಂದಲೂ ಅಂಥ ಸಂಯುಕ್ತಗಳನ್ನು ಮಾಡಬಹುದೆಂಬ ಎಣಿಕೆಯಿಂದ ಬ್ರಹ್ಮಚಾರಿ ಕೆಲಸಕ್ಕೆ ತೊಡಗಿದ. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಇದಕ್ಕೆ ಧನಸಹಾಯ ನೀಡಿತು. ಕ್ಯಾಂಪ್‍ಬೆಲ್ ಆಸ್ಪತ್ರೆಯಲ್ಲಿ ಈತನ ಪ್ರಯೋಗಶಾಲೆಯಾಗಿದ್ದ ಚಿಕ್ಕ ಕೋಣೆಗೆ ಅನಿಲ, ನಲ್ಲಿನೀರು, ವಿದ್ಯುತ್ ಯಾವುದೂ ಇರಲಿಲ್ಲ. ರಾತ್ರಿಯ ಕೆಲಸ ಸೀಮೆಎಣ್ಣೆ ದೀಪದಲ್ಲಿ ಸಾಗುತ್ತಿತ್ತು. ಹಲವು ಸಂಯುಕ್ತಗಳನ್ನು ಪರೀಕ್ಷಿಸಿದ ಮೇಲೆ ಸ್ಟಿಬನಿಲಿಕ್ ಆಮ್ಲವನ್ನು ಯೂರಿಯದೊಂದಿಗೆ ಸೇರಿಸಿ ಯೂರಿಯ ಸ್ಟಿಬಮೀನ್ ಪಡೆದ. ರೋಗಿಗಳ ಮೇಲಿನ ಫಲಿತಾಂಶ 1922ರಲ್ಲಿ ಪ್ರಕಟವಾಯಿತು. ಟಾರ್ಟರ್ ಎಮೆಟಿಕ್‍ಗೆ ತಿಂಗಳುಗಳು ಬೇಕಿದ್ದ ಚಿಕಿತ್ಸೆ ಇದರಿಂದ ಕೆಲವೇ ವಾರಗಳಲ್ಲಿ ಮುಗಿಯುವಂತಾಯಿತು. ಅಸ್ಸಾಂನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದಾಗ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಔಷಧದ ನಿಖರ ರಾಸಾಯನಿಕ ರಚನೆಯ ಬಗ್ಗೆ ಮಾತ್ರ ಮುಂದೆಯೂ ಚರ್ಚೆ ನಡೆಯಿತು.

ಕಾಲಾ ಅಜಾರ್‍ನಿಂದ ಗುಣಹೊಂದಿದವರಲ್ಲಿ ಕೆಲವರ ಚರ್ಮದ ಮೇಲೆ ಮಚ್ಚೆ, ಗಂಟುಗಳು ಏಳುವುದನ್ನೂ ಅವುಗಳಲ್ಲಿ ಪರೋಪಜೀವಿ ಇರುವುದನ್ನೂ 1922ರಲ್ಲೇ ಈತ ವಿವರಿಸಿದ. ಇದಕ್ಕೆ ಈತನಿತ್ತ ಹೆಸರು ಡರ್ಮಲ್ ಲೀಶ್ಮನಾಯ್ಡ್.

1924ರಲ್ಲಿ ಕಲ್ಕತ್ತದಲ್ಲಿ ಬ್ರಹ್ಮಚಾರಿ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ. ಅದೇ ವರ್ಷ ಕೈಸರ್-ಇ-ಹಿಂದ್ ಸ್ವರ್ಣಪದಕ, 1934ರಲ್ಲಿ ಸರ್ ಪದವಿ ದೊರೆತವು. ನೊಬೆಲ್ ಪ್ರಶಸ್ತಿಗೆ 1929ರಲ್ಲಿ ನಾಮನಿರ್ದೇಶನಗೊಂಡರೂ ಪ್ರಶಸ್ತಿ ಬರಲಿಲ್ಲ. 1936ರಲ್ಲಿ ಇಂದೋರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‍ನ ಅಧ್ಯಕ್ಷನಾಗಿದ್ದ. 1946ರ ಫೆಬ್ರುವರಿ 6ರಂದು ನಿಧನನಾದ.

ಯೂರಿಯ ಸ್ಟಿಬಮೀನ್‍ನ ಜಾಗಕ್ಕೆ ಮುಂದೆ ಸೋಡಿಯಂ ಸ್ಟಿಬೊಗ್ಲೂಕೊನೇಟ್ ಬಂತು. ಬಿಹಾರದಲ್ಲಿ ಪರೋಪಜೀವಿ ಆ್ಯಂಟಿಮೊನಿಗೆ ನಿರೋಧಶಕ್ತಿ ಬೆಳೆಸಿಕೊಂಡ ಮೇಲೆ ಭಾರತದಲ್ಲಿ ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಮುಖ್ಯ ಔಷಧವಾಯಿತು. ಆದರೆ ಈತ ಗುರುತಿಸಿದ ಚರ್ಮರೋಗದ ಮಹತ್ತ್ವ ಈಗಲೂ ಕುಗ್ಗಿಲ್ಲ. ಅಂಥ ರೋಗಿಗಳಿಂದ ಮರಳುನೊಣಗಳ ಮೂಲಕ ಸೋಂಕು ಮತ್ತೆ ಹರಡಬಲ್ಲುದಾದ್ದರಿಂದ, ಅವರನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡುವುದು ಕಾಲಾ ಅಜಾರ್ ನಿರ್ಮೂಲನ ಕಾರ್ಯಕ್ರಮದ ಅಂಗವಾಗಿದೆ.