ಐದು ಶಿಲಿಂಗ್ ದಂಡದ ಹಬ್ಬ



ಈ ಭಾಷಣಕ್ಕೆ ಕರೆದವರು ವಿಷಯವನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ಮಗಳು ನನಗೆ ಹಾಕಿದ ಒಂದು ಪ್ರಶ್ನೆಯನ್ನು. ಅವಳಿಗೆ ಆಗ ಹನ್ನೊಂದು ವರ್ಷ. ಡಿಸೆಂಬರಿನ ಒಂದು ಶನಿವಾರ ನಾನು ಗ್ಯಾರೇಜಿನಿಂದ ಪ್ಲಾಸ್ಟಿಕ್ ಮರದ ಡಬ್ಬ ತಂದು ಕೊಂಬೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಿದ್ದೆ. "ಅಪ್ಪ, ನೀನು ದೇವರನ್ನ ನಂಬಲ್ಲ ಅಂತ ಗಣೇಶನ ಹಬ್ಬಕ್ಕೆ ಕೂರಲ್ಲ. ಅಮ್ಮ ಒಬ್ಬಳೇ ಪೂಜೆ ಮಾಡ್ತಾಳೆ. ಹಾಗಾದ್ರೆ ಈ ಮರ ಯಾಕೆ? ಯೇಸುನ ನಂಬ್ತೀಯಾ?" ಎಂದಳು. ಇದು ಬರೀ ಅಲಂಕಾರ, ಚಳಿಗಾಲದ ಹಬ್ಬ ಅಂತೇನೋ ಹೇಳಿದೆ. ಅವಳು ಒಪ್ಪಲಿಲ್ಲ. ಹೇಳಿದ ನನಗೂ ಸಮಾಧಾನವಾಗಲಿಲ್ಲ. ಆವತ್ತಿನಿಂದ ಬಿಡುವಾದಾಗಲೆಲ್ಲ ಈ ಹಬ್ಬದ ಚರಿತ್ರೆ ಓದುತ್ತಾ ಬಂದಿದ್ದೇನೆ. ದೇವರನ್ನು ನಂಬದವರು ಕ್ರಿಸ್‌ಮಸ್ ಆಚರಿಸಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ಹೋದವನಿಗೆ ಮೊದಲು ಎದುರಾದವರು, ದೇವರನ್ನು ಅತಿಯಾಗಿ ನಂಬಿ ಅದನ್ನು ಆಚರಿಸಲು ಒಪ್ಪದವರು.

ನಾನಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ನನ್ನ ಮನೆಯಿಂದ ಪ್ಲಿಮತ್ ದೂರವೇನಲ್ಲ. ಊರಿನಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಅಲ್ಲಿ 1620ರಲ್ಲಿ ಬಂದಿಳಿದವರು ತಮ್ಮ ಮೊದಲ ಸಾರ್ವಜನಿಕ ಕಟ್ಟಡದ ಕೆಲಸ ಶುರು ಮಾಡಿದ್ದು ಡಿಸೆಂಬರ್ 25ರಂದು. ಅವರಿಗೆ ಅದು ಎಲ್ಲ ದಿನಗಳ ಹಾಗೆ ಇನ್ನೊಂದು ದಿನ. ಮರುವರ್ಷ ಇನ್ನೊಂದು ಹಡಗಿನಲ್ಲಿ ಹೊಸಬರು ಬಂದರು. ಕ್ರಿಸ್‌ಮಸ್ ದಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಎಲ್ಲರನ್ನೂ ಕೆಲಸಕ್ಕೆ ಕರೆದಾಗ, ಈ ದಿನ ದುಡಿಯಲು ನಮ್ಮ ಅಂತಃಸಾಕ್ಷಿ ಒಪ್ಪುವುದಿಲ್ಲ ಎಂದರು ಆ ಹೊಸಬರು. ಸರಿ, ನಿಮಗೆ ತಿಳಿವಳಿಕೆ ಬರುವ ತನಕ ಬಿಟ್ಟಿದ್ದೇನೆ ಎಂದು ಬ್ರಾಡ್‌ಫರ್ಡ್ ಉಳಿದವರನ್ನು ಕರೆದುಕೊಂಡು ಹೋದ. ಮಧ್ಯಾಹ್ನ ಬಂದು ನೋಡಿದರೆ ಅವರೆಲ್ಲ ಬೀದಿಯಲ್ಲಿ ಚೆಂಡಾಟ ಆಡುತ್ತಿದ್ದಾರೆ! ಆಟದ ಸಾಮಾನುಗಳನ್ನು ಕಿತ್ತುಕೊಂಡ. ಬೇರೆಯವರು ದುಡಿಯುತ್ತಿರುವಾಗ ನೀವು ಆಡುವುದಕ್ಕೆ ನನ್ನ ಅಂತಃಸಾಕ್ಷಿ ಒಪ್ಪುವುದಿಲ್ಲ, ಭಕ್ತಿಯೇ ಆದರೆ ಮನೆಯೊಳಗೆ ಕೂತು ಮಾಡಿ ಎಂದ. ಇದನ್ನು ತನ್ನ ಗ್ರಂಥದಲ್ಲಿ ಅವನೇ ಬರೆದಿಟ್ಟಿದ್ದಾನೆ, ಸ್ವಲ್ಪ ತಮಾಷೆಯಾಗಿಯೇ.

ನನಗೆ ಈ ಪ್ರಸಂಗ ಬಹಳ ಇಷ್ಟ. ಬ್ರಾಡ್‌ಫರ್ಡ್ ಭಕ್ತಿಗೆ ರಜೆ ಕೊಟ್ಟ, ಆಟಕ್ಕೆ ಕೊಡಲಿಲ್ಲ. ಮುಂದೆ 1659ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತು ಕಾನೂನೇ ಮಾಡಿತು: ಕ್ರಿಸ್‌ಮಸ್ ಎಂದು ಕೆಲಸ ಬಿಟ್ಟು ಕೂತರೆ, ಔತಣ ಮಾಡಿದರೆ, ಇನ್ಯಾವ ರೀತಿಯಲ್ಲಾದರೂ ಆಚರಿಸಿದರೆ ಐದು ಶಿಲಿಂಗ್ ದಂಡ. ಕೆಲಸ ಬಿಡುವುದೇ ಒಂದು ಅಪರಾಧವಾಗಿತ್ತು ಎಂಬುದನ್ನು ಗಮನಿಸಿ. ಈ ಕಾನೂನು 1681ರವರೆಗೆ ಇತ್ತು. ಅದು ಹೋದ ಮೇಲೂ ಬಾಸ್ಟನ್ನಿನಲ್ಲಿ ಆ ದಿನ ಅಂಗಡಿಗಳು ಎಂದಿನಂತೆ ತೆರೆದಿರುತ್ತಿದ್ದವು. 1686ರಲ್ಲಿ ಇಂಗ್ಲೆಂಡಿನಿಂದ ಬಂದ ಗವರ್ನರ್ ಆಂಡ್ರೋಸ್ ಕ್ರಿಸ್‌ಮಸ್ ಪ್ರಾರ್ಥನೆಗೆ ಹೋದಾಗ ಕೆಂಪಂಗಿಯ ಸೈನಿಕ ಪಕ್ಕದಲ್ಲಿದ್ದ. ಇಂದು ದೀಪ ಹಾಕದ ಮನೆಯನ್ನು ಜನ ತಿರುಗಿ ನೋಡುವ ಈ ರಾಜ್ಯದಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1856ರಲ್ಲಿ.

ಅವರ ವಾದವೇನು? ಬೈಬಲ್ಲಿನ ಸುವಾರ್ತೆಗಳಲ್ಲಿ ಯೇಸು ಹುಟ್ಟಿದ ತಾರೀಖು ಇಲ್ಲ, ಆ ದಿನ ಆಚರಿಸಿ ಎಂಬ ಆಜ್ಞೆಯೂ ಇಲ್ಲ. ಡಿಸೆಂಬರ್ 25 ಎಂಬ ಸ್ಪಷ್ಟ ಉಲ್ಲೇಖ ಸಿಗುವುದು ರೋಮಿನ 354ರ ಒಂದು ಪಂಚಾಂಗದಲ್ಲಿ. ಅದೇ ಪಂಚಾಂಗದಲ್ಲಿ ಅದೇ ದಿನ ಅಜೇಯ ಸೂರ್ಯನ ಜನ್ಮದಿನವೆಂದೂ ಇದೆ. ರೋಮನ್ನರ ಸ್ಯಾಟರ್ನೇಲಿಯಾ ಹಬ್ಬ ಡಿಸೆಂಬರ್ 17ಕ್ಕೆ ಶುರುವಾಗುತ್ತಿತ್ತು. ಯಾವುದು ಯಾವುದರಿಂದ ಬಂತು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ, ನಾವು ಅದಕ್ಕೆ ಕೈ ಹಾಕುವುದು ಬೇಡ. ಆದರೆ ಇಂದು ನನ್ನಂಥ ನಾಸ್ತಿಕರು ಊಟದ ಮೇಜಿನಲ್ಲಿ ಗೆದ್ದವರ ಹಾಗೆ "ಇದು ಅಸಲಿಗೆ ಕ್ರೈಸ್ತರ ಹಬ್ಬವೇ ಅಲ್ಲ, ರೋಮನ್ನರದು" ಎನ್ನುತ್ತೇವಲ್ಲ, ಆ ವಾದವನ್ನು ಬಾಸ್ಟನ್ನಿನ ಧರ್ಮಗುರು ಇನ್‌ಕ್ರೀಸ್ ಮೇದರ್ 1687ರಲ್ಲೇ ಅಚ್ಚು ಹಾಕಿಸಿದ್ದ. ನಾವು ಆಚರಿಸುವುದಕ್ಕೆ ಕೊಡುವ ಕಾರಣವನ್ನು ಅವನು ನಿಲ್ಲಿಸುವುದಕ್ಕೆ ಕೊಟ್ಟ.

ನಿಲ್ಲಿಸಲು ಇನ್ನೊಂದು ಕಾರಣವೂ ಇತ್ತು. ಹಳೆಯ ಕ್ರಿಸ್‌ಮಸ್ ಮನೆಯ ಹಬ್ಬವಲ್ಲ, ಬೀದಿಯ ಹಬ್ಬ. ಡಿಸೆಂಬರ್ ಹೊತ್ತಿಗೆ ಯುರೋಪಿನ ರೈತನ ಸುಗ್ಗಿ ಮುಗಿದಿರುತ್ತದೆ, ಚಳಿಗೆಂದು ದನ ಹಂದಿ ಕಡಿದಿರುತ್ತಾರೆ, ಹೊಸ ಬಿಯರ್ ಸಿದ್ಧವಾಗಿರುತ್ತದೆ. ಹೊಲದಲ್ಲಿ ಕೆಲಸವಿಲ್ಲ. ಕೂಲಿಯವರು ಗುಂಪು ಕಟ್ಟಿಕೊಂಡು ಧಣಿಯ ಮನೆ ಬಾಗಿಲಿಗೆ ಹೋಗಿ ಹಾಡಿ, ಒಳ್ಳೆಯ ಹೆಂಡ, ಒಳ್ಳೆಯ ಊಟ ಕೇಳುತ್ತಿದ್ದರು, ಕೊಡದಿದ್ದರೆ ಗಲಾಟೆ. ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ ಇದನ್ನು ಒಂದು ಇಡೀ ಪುಸ್ತಕದಲ್ಲಿ ಬಿಡಿಸಿ ಹೇಳಿದ್ದಾರೆ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ರದ್ದು ಮಾಡಿದಾಗ ಕ್ಯಾಂಟರ್‌ಬರಿಯ ಮೇಯರ್ ಅಂಗಡಿ ತೆರೆಯಿರಿ ಎಂದ. ಜನ ದಂಗೆ ಎದ್ದು, ತೆರೆದ ಅಂಗಡಿಗಳ ಸರಕನ್ನೆಲ್ಲ ಬೀದಿಗೆಸೆದರು. ಅವರು ಕಾದಾಡಿದ್ದು ಯೇಸುವಿಗಾಗಿಯೋ ವರ್ಷಕ್ಕೊಮ್ಮೆ ಸಿಗುವ ಬಿಡುವಿಗಾಗಿಯೋ? ಎರಡೂ ಸೇರಿಯೇ ಇರಬೇಕು.

ನಾವು ಇಂದು ನೋಡುವ ಕ್ರಿಸ್‌ಮಸ್ ಹತ್ತೊಂಬತ್ತನೇ ಶತಮಾನದ್ದು, ಬಹುಮಟ್ಟಿಗೆ ಲೇಖಕರೂ ಅಚ್ಚುಕೂಟದವರೂ ಕಟ್ಟಿದ್ದು. ವಾಷಿಂಗ್ಟನ್ ಅರ್ವಿಂಗ್ ಹಳೆಯ ಇಂಗ್ಲಿಷ್ ಮನೆಯ ಕ್ರಿಸ್‌ಮಸ್ಸನ್ನು ಚಿತ್ರಿಸಿದ. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಬಂದ ಒಂದು ಪದ್ಯ ಸಾಂತಾನನ್ನು ಚಿಮಣಿಯಿಂದ ಇಳಿಸಿತು. 1843ರ ಡಿಸೆಂಬರಿನಲ್ಲಿ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕೆರಲ್' ಬಂತು. ಆ ಕಥೆಯಲ್ಲಿ ಯೇಸುವಿನ ಮಾತು ಬಹಳ ಕಡಿಮೆ. ಇರುವುದು ಕಲ್ಲಿದ್ದಲು ಮಿತವಾಗಿ ಸಿಗುವ ಆಫೀಸು, ಒಂದು ದಿನದ ಸಂಬಳದ ರಜೆ ಕೇಳಲು ಹಿಂಜರಿಯುವ ಗುಮಾಸ್ತ, ಮನಸ್ಸಿಲ್ಲದೆ ಕೊಡುವ ಯಜಮಾನ. ಡಿಸೆಂಬರಿನಲ್ಲಿ ಮ್ಯಾನೇಜರಿಗೆ ರಜೆ ಕೇಳಿದ ನಮಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಮರದ ಕಥೆ ಇನ್ನೂ ಸ್ವಾರಸ್ಯ. ವಿಕ್ಟೋರಿಯಾ ರಾಣಿಯ ಸಂಸಾರ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನೇ 1850ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದು ಮರುಮುದ್ರಿಸುವಾಗ ರಾಣಿಯ ಕಿರೀಟವನ್ನೂ ರಾಜಕುಮಾರನ ಮೀಸೆಯನ್ನೂ ಅಳಿಸಿಹಾಕಿತು. ರಾಜಮನೆತನ ಹೋಗಿ ಯಾವುದೋ ಅಮೆರಿಕನ್ ಸಂಸಾರವಾಯಿತು, ಮರ ಮಾತ್ರ ಹಾಗೆಯೇ ಉಳಿಯಿತು. ವಲಸೆ ಬಂದವರು ಹಬ್ಬವನ್ನು ಮಾರ್ಪಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪೂರ್ವೋದಾಹರಣೆ ಬೇಕೇ? 1870ರಲ್ಲಿ ಅದು ಫೆಡರಲ್ ರಜೆಯ ಪಟ್ಟಿ ಸೇರಿತು.

ಹೀಗೆ ಮನೆಯೊಳಕ್ಕೆ ಬಂದ ಹಬ್ಬವನ್ನು ನಂಬದವರೂ ತಮ್ಮದೆಂದರು. ಆ ಕಾಲದ ಪ್ರಖ್ಯಾತ ನಾಸ್ತಿಕ ವಾಗ್ಮಿ ರಾಬರ್ಟ್ ಇಂಗರ್ಸಾಲ್ 1891ರಲ್ಲಿ ಪತ್ರಿಕೆಯಲ್ಲಿ ಒಂದು ಕ್ರಿಸ್‌ಮಸ್ ಪ್ರವಚನವನ್ನೇ ಬರೆದ. ಇದರಲ್ಲಿ ಒಳ್ಳೆಯದೇನಿದೆಯೋ ಅದು ಕ್ರೈಸ್ತಮತಕ್ಕಿಂತ ಹಳೆಯದು ಎಂಬುದು ಅವನ ವಾದ, ಪಾದ್ರಿಗಳಿಂದ ಬೈಗುಳ ಅವನ ಸಂಭಾವನೆ. ಸೋವಿಯತ್ ರಷ್ಯಾ ಧರ್ಮದ ಜೊತೆ ಮರವನ್ನೂ ಹೊರಹಾಕಿತ್ತು. 1935ರ ಡಿಸೆಂಬರ್ 28ರಂದು ಪ್ರಾವ್ದಾದಲ್ಲಿ ಪೊಸ್ತಿಶೆವ್ ಎಂಬ ನಾಯಕನ ಪತ್ರ ಬಂತು, ಮಕ್ಕಳಿಗೆ ಮರ ಕೊಡಿ ಎಂದು. ಆ ವರ್ಷದಿಂದಲೇ ಅದು ಹೊಸ ವರ್ಷದ ಮರವಾಗಿ ವಾಪಸು ಬಂತು. ನಾಸ್ತಿಕ ಸರ್ಕಾರಕ್ಕೂ ಡಿಸೆಂಬರಿನ ಕತ್ತಲೆಯಲ್ಲಿ ಮಕ್ಕಳನ್ನು ಬರಿಗೈಯಲ್ಲಿ ಕೂರಿಸಲು ಆಗಲಿಲ್ಲ. ಇನ್ನು ಅಮೆರಿಕದಲ್ಲಿ ಡಿಸೆಂಬರ್ ಪೂರ್ತಿ ಅಂಗಡಿಗಳಲ್ಲಿ ಕಿವಿಗೆ ಬೀಳುವ 'ವೈಟ್ ಕ್ರಿಸ್‌ಮಸ್' ಬರೆದ ಅರ್ವಿಂಗ್ ಬರ್ಲಿನ್, ರಷ್ಯಾದಿಂದ ಬಂದ ಯಹೂದಿ ವಲಸೆಗಾರ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಅನುಕೂಲ: ಹಬ್ಬ ಯಾರಪ್ಪನದೂ ಅಲ್ಲ, ಎಲ್ಲರೂ ಕೇಕು ತಿನ್ನೋಣ. ಆದರೆ ಆಚರಿಸಬಹುದು ಎನ್ನುವುದು ಒಂದು, ಆಚರಿಸದೆ ಇರಲು ಬಿಡುವುದು ಇನ್ನೊಂದು. ಸಿನ್ಸಿನಾಟಿಯ ವಕೀಲರೊಬ್ಬರು, ಸರ್ಕಾರ ಕ್ರಿಸ್‌ಮಸ್‌ಗೆ ರಜೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ದಾವೆ ಹೂಡಿದರು. 1999ರ ಡಿಸೆಂಬರಿನಲ್ಲಿ ಅದನ್ನು ವಜಾ ಮಾಡಿದ ನ್ಯಾಯಾಧೀಶೆ ತೀರ್ಪಿನೊಳಗೆ ಪ್ರಾಸಬದ್ಧ ಪದ್ಯವನ್ನೂ ಸೇರಿಸಿದ್ದರು. ಈ ರಜೆಗೆ ಲೌಕಿಕ ಉದ್ದೇಶವಿದೆ ಎಂದಿತು ನ್ಯಾಯಾಲಯ. ತೀರ್ಪು ಸರಿ ಎನ್ನಿಸುತ್ತದೆ ನನಗೆ. ಪದ್ಯ ಸರಿ ಎನ್ನಿಸುವುದಿಲ್ಲ. ಬಹುಸಂಖ್ಯಾತರ ಹಬ್ಬ "ಎಲ್ಲರದ್ದು" ಆದಾಗ ಬೇಡವೆಂದವನು ಸಿಡುಕನಾಗಿ ಕಾಣುತ್ತಾನೆ, ಅವನ ದೂರು ತಮಾಷೆಯಾಗುತ್ತದೆ. 2010ರಲ್ಲಿ ಸುಪ್ರೀಂ ಕೋರ್ಟಿಗೆ ನಾಮಕರಣಗೊಂಡ ಎಲೀನಾ ಕೇಗನ್‌ರನ್ನು ಸೆನೆಟರ್ ಒಬ್ಬರು ಕ್ರಿಸ್‌ಮಸ್ ದಿನ ಎಲ್ಲಿದ್ದಿರಿ ಎಂದು ಕೇಳಿದಾಗ, ಎಲ್ಲ ಯಹೂದಿಗಳ ಹಾಗೆ ಬಹುಶಃ ಚೀನೀ ಹೋಟೆಲಿನಲ್ಲಿದ್ದೆ ಎಂದು ನಗಿಸಿದರು. ಆ ನಗುವಿನ ಹಿಂದೆ ಊರೆಲ್ಲ ಬಾಗಿಲು ಹಾಕಿದ ದಿನ ಎಲ್ಲಿಗೆ ಹೋಗುವುದೆಂದು ಯೋಚಿಸಿದ ಎಷ್ಟೋ ವರ್ಷಗಳಿವೆ. ನಮ್ಮವರ ಪಾಡು ಬೇರೆ: ಈ ಸಭೆಯಲ್ಲಿ ಡಿಸೆಂಬರ್ 24ರ ರಾತ್ರಿ ಆನ್‌ಕಾಲ್ ಇರುವವರು ಕೈಯೆತ್ತಿ ಎಂದರೆ ಎಷ್ಟು ಕೈ ಏಳುತ್ತವೆಂದು ನನಗೆ ಗೊತ್ತು. "ನಿಮಗೆ ಹಬ್ಬ ಇಲ್ಲವಲ್ಲ" ಎಂಬ ಮಾತು ಬೇಗ ಬರುತ್ತದೆ. ದೀಪಾವಳಿಗೆ ಬದಲಿ ರಜೆ ಕೇಳಿದರೆ ಕ್ಯಾಲೆಂಡರ್ ನೋಡುತ್ತಾರೆ.

ಊರಿನಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿದೆ. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಬಾನು ಮುಷ್ತಾಕರನ್ನು ಕರೆದಾಗ ತಕರಾರು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡೂ ಕಡೆ ಅರ್ಜಿ ವಜಾ ಆಯಿತು. ನಾಡಹಬ್ಬ ಎಂದು ಕರೆದ ಮೇಲೆ ನಾಡಿನಲ್ಲಿ ಯಾರು ಯಾರಿದ್ದಾರೆ ಎಂಬ ಲೆಕ್ಕ ಬರಲೇಬೇಕಲ್ಲ.

ಇನ್ನು ಮಗಳ ಪ್ರಶ್ನೆ. ಚರಿತ್ರೆ ಅದರ ಅರ್ಧಕ್ಕೆ ಮಾತ್ರ ಉತ್ತರ ಕೊಡುತ್ತದೆ. ಮರ ಯಾಕೆ ಎಂಬುದಕ್ಕೆ ನನ್ನ ಬಳಿ ಈಗ ಬೇಕಾದಷ್ಟು ತಾರೀಖುಗಳಿವೆ. ಗಣೇಶ ಯಾಕಿಲ್ಲ ಎಂಬುದಕ್ಕೆ ಒಂದೂ ಇಲ್ಲ. ನನ್ನ ನಾಸ್ತಿಕತೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಉಪನ್ಯಾಸಗಳಲ್ಲಿ, ಎಚ್. ನರಸಿಂಹಯ್ಯನವರ ಮಾತು ಕೇಳಿ ಬಂದದ್ದು ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಅದು ಶುರುವಾದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ. ಚೌತಿಯ ದಿನ ತೋಟದ ಕೆಲಸದವರಿಗೆ ಎಲೆ ಹಾಕುತ್ತಿದ್ದುದು ಅಂಗಳದ ಆ ತುದಿಗೆ; ಅವರ ಮಗ ನನ್ನ ಕ್ಲಾಸಿನವನು. ಕಡುಬನ್ನು ಮೇಲಿನಿಂದ ಹಾಕಿದವನು ನಾನೇ. ನನ್ನ ಜಗಳ ಗಣೇಶನ ಜೊತೆಗಲ್ಲ, ಆ ಅಂಗಳದ ಜೊತೆ. ಕ್ರಿಸ್‌ಮಸ್ ಮರಕ್ಕೆ ಅಂಥ ಅಂಗಳವಿಲ್ಲ, ನನ್ನ ಪಾಲಿಗೆ ಅದು ಡಬ್ಬದಿಂದ ಬಂದದ್ದು. ನನ್ನ ಸಹೋದ್ಯೋಗಿಯೊಬ್ಬರು ಬಹಳ ಕಟ್ಟುನಿಟ್ಟಿನ ಚರ್ಚಿನ ಮನೆಯಲ್ಲಿ ಬೆಳೆದು ಹೊರಬಂದವರು. ಅವರ ಮನೆಯಲ್ಲಿ ಮರ ಇಡುವುದಿಲ್ಲ, ಕೆರಲ್ ಕೇಳಿದರೆ ಎದ್ದು ಹೋಗುತ್ತಾರೆ. ನಮ್ಮ ದೀಪಾವಳಿಗೆ ಮಾತ್ರ ತಪ್ಪದೆ ಬಂದು ಖುಷಿಯಿಂದ ಹಣತೆ ಹಚ್ಚುತ್ತಾರೆ. ಬ್ರಾಡ್‌ಫರ್ಡನಿಗೂ ಕ್ರಿಸ್‌ಮಸ್ ಒಳಗಿನಿಂದ ಗೊತ್ತಿದ್ದ ಹಬ್ಬವೇ ಆಗಿತ್ತು.

ಹೋದ ಡಿಸೆಂಬರಿನಲ್ಲಿ ಅಮ್ಮ ಇಲ್ಲಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ರಂಗೋಲಿ, ಒಂದು ಬೆಳ್ಳಿ ದೀಪ, ಪ್ಲಾಸ್ಟಿಕ್ ಕಾಂಡಕ್ಕೆ ಕುಂಕುಮ. "ಅಮ್ಮ, ಇದು ಪೂಜೆ ಮಾಡೋ ಮರ ಅಲ್ಲ" ಎಂದೆ. "ಮನೆಯೊಳಗೆ ಮರ ತಂದಿಟ್ಟು ಒಂದು ದೀಪ ಇಡದೆ ಹೇಗಿರೋದೋ?" ಎಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು, ನಾನು ಕುಂಕುಮ ಒರೆಸುತ್ತೇನೋ ಇಲ್ಲವೋ ಎಂದು ನೋಡುತ್ತಾ. ಅಷ್ಟರಲ್ಲಿ ಫೋನ್ ಬಂತು. ಆನ್‌ಕಾಲ್ ನನ್ನದಿತ್ತು.